ಕೊರಳಲ್ಲಿದ್ದ ಅಕ್ಕ

...ಅಲ್ಲಲ್ಲ, ಮೊದ್ಲು ಮದುವೆ ವಿಷಯ ಹೇಳ್ಬೇಕಿತ್ತು, ಜೀನ್ಸ್ ಕೆಲಸದ್ದು ಆಮೇಲೆ. ಸರಿ, ಮದುವೆಯಿಂದಲೇ ಹೇಳ್ತೀನಿ ಕೂತ್ಕೊಳ್ಳಿ. ನಾನು ನಿಮ್ಮ ತಾತಂಗೆ ಎರಡನೇ ಹೆಂಡ್ತಿ ಕಣ್ರಪ್ಪ, ಅದು ನಿಮ್ಗೆ ಗೊತ್ತಿರೋದೇ. ಮೊದಲನೇವಳು ಗಂಗಮ್ಮ. ಅವಳೇ ನಿಮ್ಮಮ್ಮನ್ನ ಹೆತ್ತವಳು. ನಿಮ್ಮಮ್ಮ ಶಾಂತಿ ಇನ್ನೂ ಸೆರಗು ಹಿಡ್ಕೊಂಡು ನಡಿಯೋ ಕೂಸು, ಆಗ್ಲೇ ಅವಳು ಜ್ವರ ಬಂದು ಹೋಗ್ಬಿಟ್ಳು. ನಮ್ಮ ಮಡಕಶಿರಾ ಕಡೆ ಒಂದು ಪದ್ಧತಿ ಐತೆ, ಈಗ ಕಮ್ಮಿ ಆಗೈತೆ ಅನ್ನಿ. ಹೆಂಡ್ತಿ ಸತ್ತವನು ಇನ್ನೊಂದು ಮದುವೆ ಆದ್ರೆ, ಬರೋ ಹೆಣ್ಣಿನ ತಾಳಿ ಜೊತೆಗೆ ಸತ್ತವಳ ಹೆಸರಲ್ಲಿ ಒಂದು ಸಣ್ಣ ಬಂಗಾರದ ಬಿಲ್ಲೆ ಕಟ್ತಾರೆ. ಸವತಿ ಬಿಲ್ಲೆ ಅಂತಾರೆ. ಸತ್ತವಳು ಅದ್ರಲ್ಲಿ ಬಂದು ಕೂತ್ಕೊಂತಾಳೆ, ಮನೆ ಮೇಲೆ ಮುನಿಸ್ಕೊಳ್ಳಲ್ಲ ಅಂತ. ಗಂಗಕ್ಕನ ಕಿವಿಯೋಲೆ ಕರಗಿಸಿ ಅಗಳಿಯ ಆಚಾರಿ ಅದನ್ನ ಮಾಡಿದ್ದ. ಹುಣಸೆ ಬೀಜದಷ್ಟು ಅಗಲ, ನಡುವೆ ಅದೇ ಓಲೆಯಲ್ಲಿದ್ದ ಕೆಂಪು ಹರಳು. ಹಸೆ ಮೇಲೆ ನಾನು ಕೂತಿದ್ದೀನಿ, ಹೊಸ ಮದುವಣಗಿತ್ತಿ, ಆದ್ರೆ ನನಗಿಂತ ಮುಂಚೆ ಬಿಲ್ಲೆಗೆ ಅರಿಶಿನ ಕುಂಕುಮ, ಬಿಲ್ಲೆಗೆ ಸೀರೆ, ಬಿಲ್ಲೆಗೆ ಆರತಿ. ನಮ್ಮತ್ತೆ ಕಿವಿ ಹತ್ರ ಬಗ್ಗಿ, "ನೋಡೇ, ಇವಳು ದೊಡ್ಡವಳು, ನೀನು ಚಿಕ್ಕವಳು. ಉಂಡ್ರೂ ಉಟ್ರೂ ಮೊದ್ಲು ಅವಳಿಗೆ. ದೀಪ ಹಚ್ಚೋ ಹೊತ್ತಿಗಂತೂ ಅವಳು ನಿನ್ನ ಕೊರಳಲ್ಲೇ ಇರ್ಬೇಕು, ತಪ್ಪಿದ್ರೆ ಮನೆಗೆ ಒಳ್ಳೇದಲ್ಲ" ಅಂದ್ರು. ನಾನು ತಲೆ ಆಡಿಸ್ದೆ. ಇನ್ನೇನು ಮಾಡ್ಲಿ.

ಆಮೇಲೆ ರಾಯದುರ್ಗ. ನಮ್ಮೂರು ರೊಳ್ಳ ಕಡೆಯವರೆಲ್ಲ ಕೆಲಸಕ್ಕೆ ಬೆಂಗಳೂರು, ಹಿಂದೂಪುರ ಅಂತ ಗಂಟು ಕಟ್ತಿದ್ರೆ ನಿಮ್ಮ ತಾತ ಮಾತ್ರ ರಾಯದುರ್ಗ ಅಂದ್ರು. ಅಲ್ಲಿ ಜೀನ್ಸ್ ಹೊಲಿಸೋರೊಬ್ರಿಗೆ ಗಾಡಿ ಮೇಲೆ ಹೋಗೋಕೆ ನಂಬಿಕಸ್ಥ ಆಳು ಬೇಕಿತ್ತಂತೆ. ಹೊಲಿದ ಬಟ್ಟೆ ಬಳ್ಳಾರಿಗೆ ಒಗಿಯೋಕೆ ಒಯ್ಯೋದು, ಅಲ್ಲಿಂದ ಇನ್ನೆಲ್ಲೆಲ್ಲಿಗೋ. ಹೋದ್ರೆ ವಾರ, ಬಂದ್ರೆ ಒಂದಿನ. ಮಗೂನ ನಮ್ಮತ್ತೆ ಕಳಿಸ್ಲಿಲ್ಲ, "ಮಲತಾಯಿ ಕೈಗೆ, ಅದೂ ಪರಊರಲ್ಲಿ, ನಾನು ಕೊಡಲ್ಲ" ಅಂದ್ರು. ಹೊಲಿಗೆ ಶೆಡ್ಡಿನ ಹಿಂದೆ ತಗಡಿನ ಒಂದು ರೂಮು ನಮ್ದು. ನನಗೆ ದಾರ ಕತ್ತರಿಸೋ ಕೆಲಸ. ಪ್ಯಾಂಟಿನ ಅಂಚಲ್ಲಿ ಉಳಿದ ದಾರ ಕತ್ತರಿಸಿ ಕತ್ತರಿಸಿ ಒಗೆಯೋದು, ಅಷ್ಟೇ. ಕೈಯೆಲ್ಲ ನೀಲಿ. ಅನ್ನ ಕಲಸಿದ್ರೆ ಅನ್ನಾನೂ ನೀಲಿ ಆಯ್ತೇನೋ ಅನ್ನಿಸೋದು. ಅಲ್ಲಿ ಮಾತು ಬೇರೆ, ಎಲ್ಲಾ 'ಬರ್ರಿ', 'ಹೌದ್ರಿ', ಇಲ್ಲಾಂದ್ರೆ ತೆಲುಗು. ತೆಲುಗು ನನಗೂ ಬರುತ್ತೆ ಬುಡಿ, ಆದ್ರೆ ನಾನು 'ಐತೆ ಕಣಕ್ಕ' ಅಂದ್ರೆ ನಗೋರು. ಅದಕ್ಕೇ ಮಾತಾಡೋದೇ ಕಮ್ಮಿ ಮಾಡ್ದೆ. ಹಗಲೆಲ್ಲ ಮಿಷಿನ್ ಸದ್ದು. ಸಾಯಂಕಾಲ ಅದು ನಿಂತ್ರೆ ಕಿವಿಯೊಳಗೆ ಒಂಥರಾ ಖಾಲಿ, ಬಾವಿಯೊಳಕ್ಕೆ ಬಗ್ಗಿ ನೋಡ್ದಂಗೆ. ಆಗ ನಾನು ಕೊರಳಲ್ಲಿದ್ದವಳ ಜೊತೆ ಮಾತಾಡೋಕೆ ಶುರು ಮಾಡ್ದೆ. ಮೊದಲ ತುತ್ತು ಅವಳಿಗೆ ತೋರಿಸಿ, "ಅಕ್ಕಾ, ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಗೈತೆ, ಸುಮ್ನೆ ಉಣ್ಣು" ಅನ್ನೋದು. "ಅಕ್ಕಾ, ನಿನ್ನ ಗಂಡ ಇವತ್ತೂ ಬರ್ಲಿಲ್ಲ ನೋಡು" ಅನ್ನೋದು. ಪಕ್ಕದ ರೂಮಿನ ಹನುಮಕ್ಕ ಒಂದಿನ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡುಬಿಟ್ಳು. "ಏನವ್ವಾ, ಸತ್ತ ಸವತೀನ ಕೊಳ್ಳಾಗ ಕಟ್ಕೊಂಡು ಮಾತಾಡ್ತೀಯಲ್ಲ, ಅಂಜಿಕಿ ಆಗಂಗಿಲ್ಲೇನು?" "ಯಾಕಕ್ಕಾ ಅಂಜಿಕೆ, ಹೇಳಿದ್ದೆಲ್ಲ ಕೇಳ್ತಾಳೆ, ಎದುರಾಡಲ್ಲ." "ಹಂಗಾದ್ರ ನನ್ನ ಗಂಡನ್ನೂ ಒಂದು ಬಿಲ್ಲಿ ಮಾಡಿಸ್ತೀನಿ ತಡಿ, ಆವಾಗರ ಹೇಳಿದ್ದು ಕೇಳ್ಯಾನು!" ಅಂತ ಹೊಟ್ಟೆ ಹಿಡ್ಕೊಂಡು ನಕ್ಳು. ಒಳ್ಳೆಯವಳು ಪಾಪ. ಆದ್ರೆ ಅವಳಿಗೆ ಅವಳ ಮನೆ ಇತ್ತು, ಮಕ್ಕಳಿದ್ರು, ನಕ್ಕು ಅವಳ ಮನೆಗೆ ಹೋದ್ಳು.

ನಮ್ಮತ್ತೆ ತೀರಿಕೊಂಡ ಮೇಲೆ ನಿಮ್ಮ ತಾತ ಶಾಂತಿನ ಕರ್ಕೊಂಡು ಬಂದ್ರು. ಆಗ ಶಾಲೆಗೆ ಹೋಗೋ ಹುಡುಗಿ. ಬಂದವಳು ಮೂಲೆಯಲ್ಲಿ ಕೂತ್ಳು, ಮಾತಿಲ್ಲ ಕತೆಯಿಲ್ಲ. ಹಾಕಿದ್ದು ಉಣ್ತಾಳೆ, ಮುಖ ನೋಡಲ್ಲ. ನಿಮ್ಮ ತಾತ ಮಾರನೇ ದಿನವೇ ಗಾಡಿ ಹತ್ತಿದ್ರು. ಮಗು ಬಂತು, ಇನ್ನು ಮನೆಯಲ್ಲಿ ಮಾತಿರುತ್ತೆ ಅಂದ್ಕೊಂಡಿದ್ದೆ. ಇಬ್ರು ಇದ್ದೂ ಮಾತಿಲ್ದೇ ಇರೋದು ಒಬ್ಬಳೇ ಇರೋದಕ್ಕಿಂತ ಭಾರ ಕಣ್ರಪ್ಪ. ಹಿಂಗೇ ಇರುವಾಗ ಒಂದಿನ ಬಗ್ಗಿ ಅವಳ ತಲೆಗೆ ಎಣ್ಣೆ ಹಚ್ತಿದ್ದೀನಿ, ಬಿಲ್ಲೆ ಸೆರಗಿಂದ ಜಾರಿ ಅವಳ ಕಣ್ಣ ಮುಂದೆ ತೂಗಾಡ್ತು. ಕೈಯಲ್ಲಿ ಹಿಡ್ಕೊಂಡ್ಳು. "ಅಜ್ಜಿ ಹೇಳಿತ್ತು. ಇದೇನಾ ನಮ್ಮವ್ವ?" ಅದೇ ಮೊದಲನೇ ಮಾತು. "ಅವಳೇ ಕಣೆ" ಅಂದೆ. ಆವತ್ತಿಂದ ನೋಡಿ, ದಿನಾ ಸಾಯಂಕಾಲ ಬರೋಳು, ಇಲ್ಲಿ, ಇಲ್ಲಿ ಎದೆ ಮೇಲೆ ಹಣೆ ಇಟ್ಟು, ಬಿಲ್ಲೆ ಹತ್ರ ಬಾಯಿ ತಂದು ಪಿಸಿಪಿಸಿ. ಏನಂತೀರಿ? ನನ್ನ ಮೇಲೆ ದೂರು! "ಅವ್ವಾ, ಇವಳು ಸಾರಿಗೆ ಖಾರ ಜಾಸ್ತಿ ಹಾಕ್ತಾಳೆ. ಅವ್ವಾ, ಇವಳು ಜಡೆ ಬಿಗಿಯಾಗಿ ಎಳೀತಾಳೆ." ನಾನು ಉಸಿರು ಬಿಗಿಹಿಡಿದು ಕೂತಿರ್ತಿದ್ದೆ. ದೂರು ನನ್ನ ಮೇಲೇನೇ, ಆದ್ರೆ ತಲೆ ನನ್ನ ಎದೆ ಮೇಲೆ. ಮಾರನೇ ದಿನ ಖಾರ ಕಮ್ಮಿ ಮಾಡ್ತಿದ್ದೆ. "ಅವ್ವಾ, ಇವತ್ತು ಖಾರ ಕಮ್ಮಿ ಆಯ್ತು, ನೀನು ಹೇಳಿದ್ಯಾ?" ಅನ್ನೋಳು. ನಗು ಬರೋದು, ಅಳೂನೂ ಬರೋದು. ಅವಳು ಹತ್ರ ಬರ್ತಿದ್ದಿದ್ದು ನನಗೋಸ್ಕರ ಅಲ್ಲ, ಅದು ಗೊತ್ತಿತ್ತು. ಹಂಗಂತ ಆ ಹೊತ್ತು ಬಿಟ್ರೆ ನನಗೆ ಬೇರೆ ಹೊತ್ತೇ ಇರ್ಲಿಲ್ಲ. ಇನ್ನೊಂದು ಏನಂದ್ರೆ, ನಾನು ಅಕ್ಕನ ಜೊತೆ ಮಾತಾಡೋದು ನಿಂತೋಯ್ತು. ಮಗಳು ಮಾತಾಡುವಾಗ ನಾನೇನು ಅಡ್ಡ ಬರ್ಲಿ.

ಹಂಗೇ ಇದ್ರೆ ಇರ್ತಿತ್ತೇನೋ. ಬಿಲ್ಲೆಯ ಕೊಂಡಿ ಸವೀತು. ದಿನಾ ಹಿಡಿದು ಎಳೆದು ಕೂದಲೆಳೆಯಷ್ಟಾಗಿತ್ತು. ಬಿದ್ದು ಜೀನ್ಸ್ ಮೂಟೆಯೊಳಗೆ ಸೇರ್ಕೊಂಡು ಹೊರಟೋದ್ರೆ? ಶಾಂತಿನ ಕರ್ಕೊಂಡು ಪೇಟೆಯ ಅಕ್ಕಸಾಲಿಗರ ಹತ್ರ ಹೋದೆ. ಮುದುಕರು, ಹಣೆ ತುಂಬ ವಿಭೂತಿ. ಕಣ್ಣಿಗೆ ಹತ್ರ ಹಿಡಿದು ನೋಡಿ, "ಕೊಂಡಿ ಬೆಸಿಬೇಕ್ರಿ. ಬಂಗಾರಕ್ಕ ಏನೂ ಆಗಂಗಿಲ್ಲ. ಹರಳು ಸಾಚಾ ಇತ್ತಂದ್ರ ಬೆಂಕಿ ತಡೀತದ, ಗಾಜಿದ್ರ ಸೀಳ್ತದ. ಮೊದ್ಲೇ ಹೇಳಿಬಿಡ್ತೀನ್ರಿ, ಆಮ್ಯಾಲ ನನ್ನ ಬೈಬ್ಯಾಡ್ರಿ" ಅಂದ್ರು. ದೀಪ ಹಚ್ಚಿ, ಊದುಗೊಳವೆ ಬಾಯಿಗಿಟ್ಟು ಉರಿಯನ್ನ ಬಿಲ್ಲೆ ಕಡೆ ತಿರುಗಿಸಿದ್ರು ಅಷ್ಟೇ, "ನಮ್ಮವ್ವನ್ನ ಸುಡಬ್ಯಾಡ!" ಅಂತ ಕಿರುಚಿ ಶಾಂತಿ ಕೈ ಹಾಕ್ಬಿಟ್ಳು. ದೀಪ ಉರುಳ್ತು. ಮುದುಕರು ಗಾಬರಿಯಾಗಿ, "ಏ ತಂಗಿ, ಬಂಗಾರಕ್ಕ ಬೆಂಕಿ ಅಂದ್ರ ನಮಗ ಬಿಸಿನೀರಿನ ಜಳಕ ಇದ್ದಂಗ, ಹೆದರಬ್ಯಾಡ" ಅಂದ್ರು. ಯಾರು ಕೇಳ್ತಾರೆ? ಬಿಲ್ಲೆ ಮುಷ್ಟಿಯೊಳಗೆ. ದಾರಿ ಉದ್ದಕ್ಕೂ ಮುಷ್ಟಿ ಬಿಚ್ಚಲಿಲ್ಲ. ಕೈ ಸುಟ್ಟೈತೇನೋ ನೋಡಾನ ಅಂದ್ರೂ ಬಿಚ್ಚಲಿಲ್ಲ.

ಮನೆಗೆ ಬರೋ ಹೊತ್ತಿಗೆ ದೀಪ ಹಚ್ಚೋ ಹೊತ್ತು. ನಮ್ಮತ್ತೆ ಮಾತು ನೆನಪಾಯ್ತು. ನಿಮ್ಮ ತಾತ ದೂರದ ದಾರಿಯಲ್ಲಿ, ಗಾಡಿ ಮೇಲೆ. "ಕೊಡೆ ಕೂಸೇ, ಅವ್ವ ಈಗ ಕೊರಳಲ್ಲಿರ್ಬೇಕು." "ಕೊಡಲ್ಲ. ನೀನು ಮತ್ತೆ ಸುಡಿಸ್ತೀಯ." "ಸುಡಿಸಲ್ಲ ಕಣೆ." "ಊರಲ್ಲೂ ಅವ್ವನ್ನ ಅಂಗೇ ಅಂದು ಸುಟ್ರು." ಬಲವಂತ ಮಾಡಿದ್ರೆ ಬರ್ತಿತ್ತು, ಎಷ್ಟು ಗಟ್ಟಿ ಇದ್ದೀತು ಆ ಪುಟ್ಟ ಬೆರಳು. ಬಿಲ್ಲೆ ನನ್ನ ಕೊರಳಿಗೆ ಬಂದ್ರೆ ನಾಳೆ ಸಾಯಂಕಾಲ ಅವಳ ತಲೇನೂ ನನ್ನ ಎದೆಗೆ ಬರುತ್ತೆ. ಅವಳ ಹತ್ರವೇ ಬಿಟ್ರೆ, ಇನ್ಯಾಕೆ ಬರ್ತಾಳೆ? ಆಮೇಲೆ ನನಗೇ ಅನ್ನಿಸ್ತು, ಅವಳವ್ವನ್ನ ಒತ್ತೆ ಇಟ್ಕೊಂಡು ಈ ಕೂಸನ್ನ ಕರೀತಿದ್ದೀನಲ್ಲ, ದೇವ್ರು ಮೆಚ್ಚೋ ಕೆಲಸವಾ ಇದು? ಎದ್ದೆ. ಜೀನ್ಸಿಗೆ ಹೊಲಿಯೋ ದಪ್ಪ ದಾರ ಇರುತ್ತಲ್ಲ, ಕಿತ್ತಳೆ ಬಣ್ಣದ್ದು, ಅದನ್ನ ಮೂರೆಳೆ ಹೆಣೆದು ಅರಿಶಿನ ಹಚ್ಚಿ, "ಬಾ, ನಿನ್ನ ಕೊರಳಿಗೇ ಕಟ್ತೀನಿ, ಯಾರೂ ಸುಡಲ್ಲ" ಅಂದೆ. ಆಗ ಮುಷ್ಟಿ ಬಿಚ್ಚಿದ್ಳು. ಸವೆದ ಕೊಂಡಿ ಸುತ್ತ ದಾರ ಸುತ್ತಿ ಸುತ್ತಿ ಗಟ್ಟಿ ಮಾಡಿ ಕಟ್ಟಿದೆ. ಅಕ್ಕಾ, ತಪ್ಪಾದ್ರೆ ನನ್ನ ಮೇಲಿರ್ಲಿ, ಗಾಡಿ ಮೇಲಿರೋ ಅವರ ಮೇಲೆ ಬೇಡ ಅಂತ ಮನಸಲ್ಲೇ ಕೈ ಮುಗಿದು ದೀಪ ಹಚ್ಚಿದೆ. ಆ ಹರಳು ಸಾಚಾನೋ ಗಾಜೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಿಮ್ಮ ತಾತ ಬಂದು ನನ್ನ ಕೊರಳು ನೋಡಿ ಬಿಳಿಚ್ಕೊಂಡ್ರು. "ಏನೇ ಮಾಡ್ದೆ? ಪದ್ಧತಿ ಮುರಿದ್ಯಲ್ಲೇ!" "ಅವಳು ಅವಳ ಮಗಳ ಹತ್ರ ಹೋಗವ್ಳೆ. ಅದಕ್ಕೂ ಮುನಿಸ್ಕೊಂತಾಳಾ?" ಅಂದೆ. ಅವರು ಉಂಡು ಮತ್ತೆ ಗಾಡಿ ಹತ್ತಿದ್ರು. ನಾನು ಧೈರ್ಯವಾಗಿ ಅಂದುಬಿಟ್ಟೆ, ಆದ್ರೆ ಅವರು ವಾಪಸ್ ಬರೋವರೆಗೂ ಪ್ರತಿ ಹಾರನ್ನಿಗೂ ಬಾಗಿಲಿಗೆ ಓಡ್ತಿದ್ದೆ. ಅಂದ್ಕೊಂಡಂಗೇ ಶಾಂತಿ ಹತ್ರ ಬರೋದು ನಿಂತೋಯ್ತು. ಮೂಲೆಯಲ್ಲಿ ಗೋಡೆ ಕಡೆ ತಿರುಗಿ ಬಿಲ್ಲೆ ಜೊತೆ ಪಿಸಿಪಿಸಿ. ಏನಂತಿದ್ಳೋ, ಈಗ ನನಗೆ ಕೇಳಿಸ್ತಾನೂ ಇರ್ಲಿಲ್ಲ. ಖಾರ ಹೆಚ್ಚಾಯ್ತೋ ಕಮ್ಮಿ ಆಯ್ತೋ ಹೇಳೋರಿಲ್ಲ. ತುತ್ತು ಎತ್ತಿದಾಗ ಕೈ ತಾನಾಗೇ ಕೊರಳಿಗೆ ಹೋಗೋದು, ಅಲ್ಲಿ ತಾಳಿ ಒಂದೇ. ಅವರಿಬ್ರು ಒಂದು ಮೂಲೆ, ನಾನೊಬ್ಳು ಒಂದು ಮೂಲೆ. ಮಳೆಗಾಲ ಕಳೀತು ಹಂಗೇ.

ಒಂದಿನ ಶಾಲೆಯಿಂದ ಮುಖ ಊದಿಸ್ಕೊಂಡು ಬಂದ್ಳು. ನಾನು ಹುರುಳಿ ಆರಿಸ್ತಿದ್ದೆ. ಬ್ಯಾಗು ಎಸೆದು ಬಂದು, ಮೊರ ಪಕ್ಕಕ್ಕೆ ತಳ್ಳಿ, ಹಣೆ ತಂದು ಇಲ್ಲೇ ಇಟ್ಳು. ಪಕ್ಕ ಕೂರೋ ಹುಡುಗಿ ಬಿಲ್ಲೆ ನೋಡಿ 'ನಿಮ್ಮವ್ವ ಗುಂಡಿ' ಅಂತ ಆಡ್ಕೊಂಡ್ಳಂತೆ, ಅಂಗಿ ಗುಂಡಿ. ನಾನು ಅಲುಗಾಡ್ದೇ ಕೂತು, "ಅವ್ವ ನಿನ್ನ ಕೊರಳಲ್ಲೇ ಅವ್ಳಲ್ಲೇ, ಅವಳಿಗೆ ಹೇಳ್ಬಾರ್ದಾ?" ಅಂದೆ. "ಹೇಳ್ದೆ. ಅವಳು ಕೇಳಿಸ್ಕೊಂತಾಳೆ, ತಿರುಗಿ ಏನೂ ಅನ್ನಲ್ಲ. ನೀನು ಏನಾದ್ರೂ ಅನ್ನು ಚಿಕ್ಕವ್ವಾ." ಅವ್ವ ಅನ್ಲಿಲ್ಲ, ಚಿಕ್ಕವ್ವ. ಇವತ್ತಿಗೂ ನಿಮ್ಮಮ್ಮ ನನ್ನ ಅವ್ವ ಅಂತ ಕರೆಯಲ್ಲ, ನಾನೂ ಕೇಳಿಲ್ಲ. ಆವತ್ತು ಆ ಗುಂಡಿ ಅಂದ ಹುಡುಗಿಗೆ ಬಾಯಿಗೆ ಬಂದಂಗೆ ಬೈದೆ ನೋಡಿ, ವರ್ಷಗಟ್ಟಲೆ ಆಡ್ದೇ ಇಟ್ಟಿದ್ದ ಮಾತೆಲ್ಲ ಬಂತು. ಅದಕ್ಕೇ ಹೇಳೋದು ಮಕ್ಳಾ, ಅವರದ್ದನ್ನ ಅವರಿಗೆ ಕೊಟ್ಟುಬಿಡಿ. ಬಂದ್ರೆ ಬರ್ತಾರೆ, ಬರ್ದಿದ್ರೆ ನಿಮ್ಮ ಕೈಯಾದ್ರೂ ಖಾಲಿ ಇರುತ್ತೆ, ಹುರುಳಿ ಆರಿಸ್ಬೋದು.