ಇಲ್ಲದ ಬ್ಲಾಕ್

ಆಸ್ಪತ್ರೆಯ ಬೆಂಚಿನಲ್ಲಿ ಸರದಿಗಾಗಿ ಕಾಯುತ್ತಿದ್ದ ದರ್ಜಿಗೆ ಪಕ್ಕದಲ್ಲಿ ಕೂತ ಅಣ್ಣ-ತಂಗಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಂಗಿಯ ತೊಡೆಯ ಮೇಲೆ ಲ್ಯಾಪ್‌ಟಾಪ್. ಅಣ್ಣ ಅದರೊಳಗೆ ಇಣುಕುತ್ತಿದ್ದ.

"ಇದರಲ್ಲಿದ್ದ ಹಳೇ ಜಾವಾ ಸಾಫ್ಟ್‌ವೇರ್ ಎಲ್ಲಿ ಹೋಯ್ತಣ್ಣಾ?"

"ತೆಗೆದುಹಾಕ್ದೆ. ಹೊಸದು ಹಾಕಿದೀನಲ್ಲ, ನಿಂಗೆ ಸುಲಭ ಆಗ್ಲಿ ಅಂತ."

"ಅಯ್ಯೋ ಪುಣ್ಯಾತ್ಮ! ಹೊಸದರಲ್ಲಿ ಎಕ್ಸ್‌ಟೆನ್ಷನ್ ಕಟ್ಟೋಕೇ ಆಗಲ್ಲ. ಈ ಕೆಲಸಕ್ಕೆ ಹಳೇದೇ ಬೇಕು."

"ಬ್ಲಾಕ್ ಜೋಡಿಸಿದ್ರೆ ಆ್ಯಪ್ ಆಗೋಗತ್ತೆ, ಮಕ್ಕಳಾಟ ಅಂತ ನೀನೇ ಅಂದಿದ್ದೆಯಲ್ಲ?"

"ಬೆರಳಲ್ಲಿ ಮುಟ್ಟಿದ್ರೆ ಫೋನೇ ಮಾತಾಡೋ ಹಾಗೆ ಮಾಡೋಕೆ ಬ್ಲಾಕ್ ಇದೆ. ಮಾತು ಹೋದ ಅಪ್ಪಂಗೆ ಬೆರಳೂ ಎಲ್ಲಿ ಏಳತ್ತೆ? ಎಡಗಣ್ಣು ಮಿಟುಕಿಸಿದ್ದನ್ನ ಗುರುತು ಹಿಡಿಯೋ ಬ್ಲಾಕೇ ಇಲ್ಲ. ಅದನ್ನ ನಾವೇ ಬರೆದು ಸೇರಿಸ್ಬೇಕು, ಅದೇ ಎಕ್ಸ್‌ಟೆನ್ಷನ್."

ಅಣ್ಣ ಪರದೆಯ ಹತ್ತಿರಕ್ಕೆ ಬಾಗಿದ.

"ಹಳೇದು ಮತ್ತೆ ಸಿಗತ್ತಾ?"

"ಡೌನ್‌ಲೋಡ್ ಆಗ್ತಿದೆ ನೋಡು. ಇನ್ಮೇಲೆ ನನ್ನ ಕೇಳ್ದೆ ಏನನ್ನೂ ಗುಡಿಸಿ ಹಾಕ್ಬೇಡ."

"ಆಯ್ತು ತಾಯಿ. ಅದೆಲ್ಲ ಮುಗಿದ ಮೇಲೆ ಅಪ್ಪ ಮೊದಲು ಏನು ಹೇಳಬಹುದು?"

"ಇನ್ನೇನು, ನಿನ್ನ ಬೈತಾರೆ. ಗಡ್ಡ ಬೋಳಿಸುವಾಗ ದಿನಾ ಗಾಯ ಮಾಡ್ತೀಯಲ್ಲ."

"ಬೈಲಿ ಬಿಡೇ. ಅವರ ಹತ್ರ ಬೈಸ್ಕೊಂಡು ಎಷ್ಟು ಕಾಲ ಆಯ್ತು."

ಎದುರಿನ ಬಾಗಿಲು ತೆರೆಯಿತು. ಗಾಲಿಕುರ್ಚಿಯಲ್ಲಿ ಬಂದ ಹಿರಿಯರ ಕೆನ್ನೆಗೆ ಹತ್ತಿಯ ಚೂರೊಂದು ಅಂಟಿಕೊಂಡಿತ್ತು. ಅಣ್ಣ ಕುರ್ಚಿಯನ್ನು ಮೆಲ್ಲಗೆ ತಳ್ಳಿದ. ಡೌನ್‌ಲೋಡ್ ನಿಂತುಹೋಗಬಾರದೆಂದು ತಂಗಿ ಲ್ಯಾಪ್‌ಟಾಪನ್ನು ತೆರೆದೇ ಹಿಡಿದು, ತುಂಬಿದ ತಟ್ಟೆ ಹೊತ್ತವಳಂತೆ, ಅವರ ಜೊತೆಗೆ ನಡೆದಳು.