ಎರಡನೇ ಗುಂಡಿ

ವಡಪಳನಿಯ ಮಕ್ಕಳ ಕ್ಲಿನಿಕ್ಕಿನಲ್ಲಿ, ಜ್ವರ ಬಂದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ. ಪಕ್ಕದಲ್ಲಿ ಗಂಡ, ಹೆಂಡತಿ, ಅವಳ ಹೆಗಲ ಮೇಲೊಂದು ಕೂಸು. ಇಲ್ಲಿ ಯಾರಿಗೂ ಕನ್ನಡ ಬರುವುದಿಲ್ಲವೆಂಬ ಧೈರ್ಯದಲ್ಲಿ ಮಾತಾಡುತ್ತಿದ್ದರು.

"ಫ್ಯಾಕ್ಟರಿಯವರು ಕೊಟ್ಟ ಕಾಗದಕ್ಕೆ ಸಹಿ ಹಾಕೇಬಿಟ್ರಾ?"

"ಹಾಕ್ದೆ. ಸೆಲ್ವಂ ತಾನಾಗೇ ಮಿಷನ್ನಿನ ಗುಂಡಿ ಕಟ್ಟಿದ್ದ ಅಂತ."

"ಕೈ ಒಳಗೆ ಸಿಕ್ಕಬಾರ್ದು ಅಂತಾನೇ, ಎರಡು ಕೈಲಿ ಎರಡು ಗುಂಡಿ ಒತ್ತಿದ್ರೇನೇ ಪ್ರೆಸ್ಸು ಇಳಿಯೋದು ಅಂತ ನೀವೇ ಹೇಳಿದ್ರಿ. ಒಂದನ್ನ ಒತ್ತಿ ದಾರದಲ್ಲಿ ಬಿಗಿದು ಕಟ್ಟು, ಕೆಲಸ ಬೇಗ ಆಗುತ್ತೆ ಅಂದಿದ್ದು ಯಾರು?"

"ಮೆಲ್ಲಗೆ ಮಾತಾಡೇ. ನಾನೇ. ಎಲ್ಲಾ ಸೂಪರ್‌ವೈಸರೂ ಹಾಗೇ ಹೇಳೋದು."

"ಸೆಲ್ವಂದು ನಾಲ್ಕು ಬೆರಳು ಹೋದ್ವು ರೀ. ಇವನ ನಾಮಕರಣಕ್ಕೆ ತೊಟ್ಟಿಲು ಕಟ್ಟಿಕೊಟ್ಟ ಕೈ ಅದು."

"ನಿಜ ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು."

"ಈಗ ಆತ್ಮ ಹೋಯ್ತಲ್ಲ."

"ಆತ್ಮಕ್ಕೆ ಅಂಬತ್ತೂರಲ್ಲಿ ಯಾವ ಕಂಪನಿ ಕೆಲಸ ಕೊಡುತ್ತೆ, ಹೇಳು?"

"ಸೆಲ್ವಂಗೂ ಇನ್ನು ಯಾರೂ ಕೊಡಲ್ಲ ಬಿಡಿ."

ಅವನು ಕೂಸಿನ ಬೆನ್ನು ಸವರಿದ.

"ಇವನಿಗೋಸ್ಕರಾನೇ ಸಹಿ ಹಾಕಿದ್ದು ಕಣೇ."

"ಅದಕ್ಕೆ ಕೂಸಿನ ಹೆಸರು ಎಳೀಬೇಡಿ."

ನರ್ಸ್ ಬಂದು ಚುಚ್ಚುಮದ್ದಿನ ಒಪ್ಪಿಗೆ ಪತ್ರ ಚಾಚಿದಳು. ಅಪ್ಪ, ಅಮ್ಮ ಯಾರಾದರೂ ಒಬ್ಬರು ಸಹಿ ಹಾಕಿ ಎಂದು ತಮಿಳಿನಲ್ಲಿ ಹೇಳಿದಳು. ಅವನು ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದ. ಅವಳು ಪೆನ್ನನ್ನು ಅವನ ಕೈಯಿಂದ ತೆಗೆದುಕೊಂಡಳು.

"ಇವನ ಕಾಗದಕ್ಕೆ ನಿಮ್ಮ ಸಹಿ ಬೇಡ."

ತಾನೇ ಸಹಿ ಹಾಕಿ, ಕೂಸಿನ ತಲೆಯನ್ನು ಹೆಗಲಿಗೆ ಒತ್ತಿಕೊಂಡು ಒಳಗೆ ಹೋದಳು. ಖಾಲಿ ಮುಚ್ಚಳ ಹಿಡಿದುಕೊಂಡು ಅವನೂ ಹಿಂದೆಯೇ ಹೋದ.