ರಾಚಪ್ಪನ ಬಾವಿಯ ಮೋಟಾರು

ಒಣ ಮೋಟಾರು ತಿರುಗುತ್ತಿತ್ತು. ಗುಂಯ್... ಅಂತ, ತೆಳ್ಳಗೆ. ನೀರೆಳೆಯುವ ಮೋಟಾರಿನ ಸದ್ದು ದಪ್ಪ. ಇದು ಹಾಗಿರಲಿಲ್ಲ.

ಅಕ್ಕಲಕೋಟದ ಕೊನೆಯ ಬಸ್ಸಿಗೆ ಬಂದು ಚಪಳಗಾಂವದಲ್ಲಿ ಇಳಿದಿದ್ದೆ. ಕತ್ತಲಾಗಿತ್ತು. ನನ್ನ ಮನೆಯ ದಾರಿ ರಾಚಪ್ಪನ ಹಿತ್ತಲ ಬಾವಿಯ ಪಕ್ಕದಲ್ಲೇ. ರಾಚಪ್ಪ ನನ್ನ ಕಾಕಾನ ಮಗ.

“ಬಂದ್ ಮಾಡೋ! ಸೀಲ್ ಸುಟ್ಟು ಹೋಗ್ತದ,” ಎಂದೆ.

ಮೋಟಾರು ನಿಂತಿತು. ರಾಚಪ್ಪ ಮನೆಯಿಂದ ಹೊರಗೆ ಬಂದ. ಕೈಯಲ್ಲಿ ಪೈಪಿನ ತಳಕ್ಕೆ ಹಾಕುವ ಹೊಸ ಫುಟ್‌ವಾಲ್ವ್.

“ಸೋಲಾಪುರದಿಂದ ತಂದೀನಿ ಅಣ್ಣಾ. ನಿನ್ನ ಹಲ್ಲಿಗಿಂತ ಗಟ್ಟಿ ಅದ.”

“ನನಗ ಹಲ್ಲೇ ಇಲ್ಲ.”

ಅವನು ನಗಲಿಲ್ಲ. ಹತ್ತಿರ ಬಂದು ಪಿಸುಗುಟ್ಟಿದ. “ಪ್ರಾಜಕ್ತಾ ಹೋಗ್ತೀನಿ ಅಂತಾಳ. ಹುಲಜಂತಿಗೆ, ಮಾಮನ ಮನಿಗೆ. ಇವತ್ತ ನೀರ ಬರಲಿಲ್ಲಂದ್ರ ನಾಳಿ ಮೊದಲನೇ ಬಸ್ಸಿಗೆ.”

ಪ್ರಾಜಕ್ತಾ ಅವನ ಒಬ್ಬಳೇ ಮಗಳು. ಸಂಕ್ರಾಂತಿಗೆ ಮೊದಲು ಅವಳ ತಾಯಿ ಸುಮಿತ್ರಾಬಾಯಿ ಇದೇ ಬಾವಿಯ ಪಾಯರಿಯಲ್ಲಿ ಸತ್ತಳು. ಕಾಲು ಜಾರಿತು ಅಂದರು. ಅಂದಿನಿಂದ ಮೋಟಾರು ನೀರೆತ್ತಿಲ್ಲ. ಹುಡುಗಿ ದಿನಾ ಬೆಳಗಾದರೆ ಕೊಡ ಹಿಡಿದು ತಾಯಿ ಬಿದ್ದ ಮೆಟ್ಟಿಲನ್ನೇ ಇಳಿಯಬೇಕು. ಯಾರು ತಾನೇ ಉಳಿದಾರು?

“ಬಾ, ನೋಡೋಣು,” ಎಂದೆ.

ಮೊದಲು ಫ್ಯೂಜ್ ತೆಗೆ ಎಂದೆ. ಆಗಲೇ ತೆಗೆದು ಜೇಬಿನಲ್ಲಿ ಇಟ್ಟುಕೊಂಡಿದ್ದ. ಪಾಯರಿ ಇಳಿಯುವಾಗ ಮೂರು ಸಲ ಜೇಬು ಮುಟ್ಟಿ ನೋಡಿಕೊಂಡ.

ನೀರು ಹದಿನೆಂಟು ಅಡಿಯಲ್ಲಿತ್ತು. ಇಪ್ಪತ್ತೈದು ದಾಟಿದರೆ ಈ ಮೋಟಾರು ಎಳೆಯುವುದಿಲ್ಲ. ಹಾಗಾಗಿ ಅದು ಕಾರಣವಲ್ಲ. ಹಳೆಯ ವಾಲ್ವ್ ಬಿಚ್ಚಿದೆವು. ಕಸವಿಲ್ಲ. ನೀರು ವಾಪಸ್ಸು ಇಳಿಯದಂತೆ ತಡೆಯುವ ಒಳಗಿನ ಬೂಚು ಸರಿಯಾಗಿ ಕೂರುತ್ತಿತ್ತು. ಆದರೂ ಹೊಸದನ್ನು ಹಾಕಿದೆವು. ಪೈಪಿನ ಜೋಡಣೆಗಳಿಗೆಲ್ಲ ಸುತಳಿ ಸುತ್ತಿ ಬಿಗಿ ಮಾಡಿದೆವು. ಎಲ್ಲಿಯಾದರೂ ಗಾಳಿ ಎಳೆದರೆ ಮುಚ್ಚಲಿ ಅಂತ ಸಗಣಿ ಕದಡಿದ ನೀರನ್ನೂ ಸುರಿದೆವು. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ.

ಇನ್ನು ಮೋಟಾರಿಗೆ ನೀರು ತುಂಬಿಸುವುದು. ಅದಕ್ಕೆ ಇಬ್ಬರು ಬೇಕು. ಬಟನ್ ಇರುವುದು ಮುಂದಿನ ಪಡಸಾಲೆಯ ಗೋಡೆಗೆ. ಅಲ್ಲಿಂದ ಬಾವಿ ಕಾಣುವುದಿಲ್ಲ. ಒಬ್ಬರು ಮೋಟಾರಿನ ತೂತಿಗೆ ನೀರು ಸುರಿಯಬೇಕು. ಅಂಚಿಗೆ ಬಂದರೆ ತೂತಿಗೆ ಮುಚ್ಚಳ ಹಾಕಿ ‘ತುಂಬ್ಯದ’ ಅಂತ ಕೂಗಬೇಕು. ಕೂಗಿದ ಮೇಲೆಯೇ ಇನ್ನೊಬ್ಬರು ಬಟನ್ ಒತ್ತಬೇಕು. ಆ ಮನೆಯಲ್ಲಿ ಇಪ್ಪತ್ತು ವರ್ಷ ಸುಮಿತ್ರಾಬಾಯಿ ಸುರಿದಳು, ರಾಚಪ್ಪ ಒತ್ತಿದ.

ಅವನು ಫ್ಯೂಜ್ ಹಾಕಲು ಒಳಗೆ ಹೋದ. ನಾನು ಸುರಿದೆ.

ಒಂದು ಕೊಡ. ಗುಳುಗುಳು... ಇಳಿಯಿತು. ಎರಡು. ಮೂರು. ಐದನೆಯ ಕೊಡವೂ ಇಳಿಯಿತು. ಆ ಪೈಪಿಗೆ ಒಂದೂವರೆ ಕೊಡ ಸಾಕು. ಪೈಪಿಗೆ ಕಿವಿ ಇಟ್ಟೆ. ತಳದಲ್ಲಿ ಬೂಚು ತೆರೆದೇ ಇತ್ತು. ಹೊಸ ಬೂಚು... ಯಾರೋ ಬೆರಳಲ್ಲಿ ಎತ್ತಿ ಹಿಡಿದ ಹಾಗೆ.

ಆರನೆಯ ಕೊಡ ಎತ್ತಿದೆ.

ಟಪ್.

ಕೆಳಗೆ ಬೂಚು ಬಿದ್ದು ಕೂತಿತು. ತೂತಿನಲ್ಲಿ ನೀರು ಸರಸರ ಏರಿ ಅಂಚಿಗೆ ನಿಂತಿತು. ಕೂಗಲು ಬಾಯಿ ತೆರೆದೆ.

“ತುಂಬ್ಯದ... ಚಾಲೂ ಮಾಡ್ರಿ.”

ಕೂಗಿದ್ದು ನಾನಲ್ಲ. ಬಾವಿಯೊಳಗಿಂದ, ನೀರಿನ ಮಟ್ಟದಿಂದ ಬಂತು. ಹೆಂಗಸಿನ ದನಿ. ದಣಿದಿತ್ತು.

ಬಾವಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಲಿಲ್ಲ. ಸುಳ್ಳು ಯಾಕೆ ಹೇಳಲಿ? ಮನೆಯೊಳಕ್ಕೆ ಓಡಿದೆ.

ರಾಚಪ್ಪ ಬಟನ್ ಮೇಲೆ ಬೆರಳಿಟ್ಟು ನಿಂತಿದ್ದ. ಒತ್ತಿರಲಿಲ್ಲ. ಅವನ ಹಿಂದೆ ಪ್ರಾಜಕ್ತಾ.

“ಕೂಗಿದ್ದು ನೀನೇನಣ್ಣಾ?” ಎಂದ.

“ಅಲ್ಲ.”

“ತುಂಬ್ಯದ...” ಮತ್ತೆ ಹಿತ್ತಲಿಂದ.

“ಅವ್ವ,” ಎಂದಳು ಹುಡುಗಿ. ಅಳಲಿಲ್ಲ. “ಕೂಗ್ಯಾಳ. ಒತ್ರಿ ಅಪ್ಪಾ.”

“ಒತ್ತಂಗಿಲ್ಲ.”

“ಯಾಕ?”

“ಆಕಿ ಪೈಪ್ ಹಿಡ್ಕೊಂಡಿರ್ತಾಳ...”

ನನಗೆ ಆಗ ತಿಳಿಯಿತು. ಕಬ್ಬಿಣದ ಪೈಪು. ಬೂಚು ಕೂರಲಿ ಅಂತ ಕೆಳಗಿಳಿದು ಅಲುಗಾಡಿಸುತ್ತಾರೆ.

“ಆವತ್ತ ನಾ ಒಳಗ ಇದ್ದೆ,” ಎಂದಳು ಪ್ರಾಜಕ್ತಾ, ಬಹಳ ಮೆಲ್ಲಗೆ. “ಅವ್ವ ಕೂಗಿದ್ದಿಲ್ಲ. ನೀವ್ ಒತ್ತಿದ್ರಿ.”

“ತುಂಬಿರಬೇಕು ಅನಕೊಂಡೆ ಮಗಾ... ಲೈಟ್ ಹೋಗೋ ಟೈಮ್ ಆಗಿತ್ತು. ಪೈಪಿಗೆ ಕರೆಂಟ್ ಬರ್ತದಂತ ಗೊತ್ತಿದ್ದಿಲ್ಲ.”

“ಜಾರಿ ಬಿದ್ದಾಳ ಅಂತ ಊರಿಗೆಲ್ಲಾ ಹೇಳಿದ್ರಿ. ನನಗೂ ಹೇಳಿದ್ರಿ. ಇಷ್ಟು ದಿನ ನೀವಾಗೇ ಹೇಳ್ತೀರಿ ಅಂತ ಕಾಯ್ದೆ.”

“ಹೇಳಿದ್ರ ನೀ ಇರ್ತಿದ್ದೇನ?”

ಅವಳು ಹಿತ್ತಲ ಕಡೆ ತಿರುಗಿದಳು.

“ತುಂಬ್ಯದ... ಚಾಲೂ ಮಾಡ್ರಿ.” ಮೂರನೆಯ ಸಲ.

ರಾಚಪ್ಪ ಕೈ ತೆಗೆದ. ಗೋಡೆಗೆ ಒರಗಿ ಕೆಳಗೆ ಕುಳಿತ. ನಾನು ಫ್ಯೂಜ್ ಕಿತ್ತೆ. ಬೆಳಗಾಗುವವರೆಗೆ ಮೂವರೂ ಅಲ್ಲೇ ಕುಳಿತೆವು. ಬಾವಿಯಿಂದ ಮತ್ತೆ ದನಿ ಬರಲಿಲ್ಲ.

ಪ್ರಾಜಕ್ತಾ ಮೊದಲನೆಯ ಬಸ್ಸಿಗೆ ಹೋದಳು. ಚೀಲ ನಾನೇ ಹೊತ್ತೆ. ರಾಚಪ್ಪ ಎದ್ದು ಬಾಗಿಲವರೆಗೂ ಬರಲಿಲ್ಲ. ಈಗ ಅವನು ಫೋನ್ ಮಾಡಿದರೆ ಅವಳು ಎತ್ತುವುದಿಲ್ಲ.

ಇದು ಆದದ್ದು ಯುಗಾದಿಗೆ ಮೊದಲು. ಎರಡು ತಿಂಗಳ ಬಿಸಿಲು ಹೋಯಿತು. ಒಂದು ಹನಿ ಮಳೆಯಿಲ್ಲ. ಆ ಮೋಟಾರಿನ ತೂತಿಗೆ ಮುಚ್ಚಳ ನಾನು ಹಾಕಿರಲಿಲ್ಲ, ಮತ್ತೆ ಯಾರೂ ಹಾಕಿಲ್ಲ. ನಿನ್ನೆ ಹೋಗಿ ಬೆರಳು ಅದ್ದಿದೆ. ನೀರು ತೂತಿನ ಅಂಚಿಗೇ ಇದೆ. ಕೂದಲೆಳೆಯಷ್ಟೂ ಇಳಿದಿಲ್ಲ. ನಂಬದಿದ್ದರೆ ಬಿಡಿ. ನನ್ನ ಬೆರಳು ಒದ್ದೆಯಾದದ್ದು ನನಗೆ ಗೊತ್ತು.

ರಾಚಪ್ಪ ಬಟನ್ ಒತ್ತಿಲ್ಲ. ಕೊಡ ಹಿಡಿದು ತಾನೇ ಪಾಯರಿ ಇಳಿಯುತ್ತಾನೆ.